ಬರಹದ ಕೊನೆಗೆ ಕಾಣಿಕೆ ಕೇಳುವುದು: ಹೇಗೆ, ಎಷ್ಟು, ಯಾವಾಗ ಬೇಡ

ಗದಗ, ಹಾವೇರಿ ಸೀಮೆಯ ಬಯಲಾಟದಲ್ಲಿ ಹಾಡು ಮನಸ್ಸಿಗೆ ಹಿಡಿದರೆ ನೋಡುವವರಲ್ಲಿ ಒಬ್ಬರು ಎದ್ದು ಹೋಗಿ ಪಾತ್ರಧಾರಿಯ ಕೈಗೆ ನೋಟು ಕೊಡುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ. ಅದನ್ನು ಯಾರೂ ಭಿಕ್ಷೆ ಅನ್ನುವುದಿಲ್ಲ. ಆಟ ಮೊದಲು, ರೊಕ್ಕ ಆಮೇಲೆ. ಕೊಡದವರೂ ಬೆಳಗಿನ ತನಕ ಕೂತು ನೋಡಬಹುದು. ಆನ್‌ಲೈನ್‌ನಲ್ಲಿ ಕನ್ನಡ ಬರೆಯುವವರು ಓದುಗರಿಂದ ಹಣ ಕೇಳಬಹುದೇ ಎಂಬುದಕ್ಕೂ ಇದೇ ಉತ್ತರ. ಕೇಳಬಹುದು. ಓದಿ ಮುಗಿದ ಮೇಲೆ ಕೇಳಿ, ಒಂದೇ ಸಲ ಕೇಳಿ, ಯಾವುದಕ್ಕೆ ಎಂದು ಹೇಳಿ ಕೇಳಿ.

ಮೊದಲು ಖರ್ಚು ಬರೆದುಕೊಳ್ಳಿ. ಲಕ್ಕುಂಡಿಯ ಮುಸುಕಿನ ಬಾವಿಯ ಬಗ್ಗೆ ಬರೆಯಬೇಕಾದರೆ ಹೋಗಿಬರುವ ಬಸ್ ಚಾರ್ಜು, ಊಟ, ಹಳೆಯ ಪುಸ್ತಕದ ಝೆರಾಕ್ಸ್, ವೆಬ್‌ಸೈಟಿನ ವರ್ಷದ ಬಾಡಿಗೆಯಲ್ಲಿ ಆ ಲೇಖನದ ಪಾಲು, ಇಷ್ಟನ್ನೂ ಕೂಡಿಸಿ. ಲೆಕ್ಕ 600 ರೂಪಾಯಿ ಬಂದರೆ ಓದುಗರ ಮುಂದೆ ಆ 600 ಅನ್ನೇ ಇಡಿ. ‘ನನ್ನ ಬರವಣಿಗೆಗೆ ಬೆಂಬಲ ನೀಡಿ’ ಎಂಬ ಮಾತು ಯಾರ ಕೈಯನ್ನೂ ಜೇಬಿಗೆ ಹೋಗಗೊಡುವುದಿಲ್ಲ, ಏಕೆಂದರೆ ಅದಕ್ಕೆ ಅಳತೆಯಿಲ್ಲ. ‘ಮುಂದಿನ ಲೇಖನಕ್ಕೆ ಲಕ್ಕುಂಡಿಗೆ ಇನ್ನೊಮ್ಮೆ ಹೋಗಬೇಕು, ಖರ್ಚು 600’ ಎಂದರೆ 20 ರೂಪಾಯಿ ಕೊಡುವವರಿಗೂ ತಮ್ಮ ಪಾಲು ಎಲ್ಲಿ ಸೇರುತ್ತದೆ ಎಂಬುದು ಕಾಣುತ್ತದೆ.

ಕೇಳಬಾರದ ಕಡೆಗಳೂ ಇವೆ. ಶ್ರದ್ಧಾಂಜಲಿ ಬರಹದ ಕೆಳಗೆ ಬೇಡ. ಬೇರೆಯವರ ಆಸ್ಪತ್ರೆ ಖರ್ಚಿಗೆ ನೆರವು ಕೋರುವ ಬರಹದಲ್ಲಂತೂ ನೀವು ಹಣ ಪಡೆಯುವ ಯುಪಿಐ ಐಡಿ ಕಾಣಲೇಕೂಡದು. ಎರಡು ಹಣ ಬೆರೆತರೆ ನಂಬಿಕೆ ಮತ್ತೆ ಬರುವುದಿಲ್ಲ. ಅಂಗಡಿಯವರು ದುಡ್ಡು ಕೊಟ್ಟು ಬರೆಸಿದ್ದಕ್ಕೆ ಓದುಗರಿಂದಲೂ ಪಡೆಯುವುದು ತಪ್ಪು. ಧಾರವಾಡದ ಕಡೆ ಬರೆಯುವವರಲ್ಲಿ ಸರ್ಕಾರಿ ಶಾಲೆ, ಕಾಲೇಜಿನ ಮೇಷ್ಟ್ರುಗಳು ಬಹಳ. ಉಡುಗೊರೆ ಮತ್ತು ಖಾಸಗಿ ಗಳಿಕೆಯ ಬಗ್ಗೆ ನೌಕರರ ನಡತೆ ನಿಯಮಗಳಲ್ಲಿ ಕಟ್ಟುಪಾಡುಗಳಿವೆ. ಅವರು ಇಲಾಖೆಯಿಂದ ಲಿಖಿತ ಅನುಮತಿ ಪಡೆದ ಮೇಲೆಯೇ ಕ್ಯೂಆರ್ ಹಾಕಬೇಕು.

ಏನೆಂದು ಕರೆಯಬೇಕು? ‘ಟಿಪ್ಸ್’ ಅಂದರೆ ಹೋಟೆಲಿನ ಬಿಲ್ಲಿನ ತಟ್ಟೆ ನೆನಪಾಗುತ್ತದೆ. ‘ದೇಣಿಗೆ’ ಅಂದರೆ ಟ್ರಸ್ಟು, ತೆರಿಗೆ ವಿನಾಯಿತಿಯ ರಸೀದಿ ಎಂದು ಜನ ತಿಳಿಯುತ್ತಾರೆ. ಆ ವಿನಾಯಿತಿಗೆ ಬೇಕಾದ ನೋಂದಣಿ ಇಲ್ಲದ ನೀವು ಅಂಥ ರಸೀದಿ ಕೊಡಲಾರಿರಿ. ‘ಚಂದಾ’ ಒಳ್ಳೆಯ ಹಳೆಯ ಪದ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಯೇ ಪುಸ್ತಕ ತಂದಿತು. ಆದರೆ ಚಂದಾ ತೆಗೆದುಕೊಂಡರೆ ಅದು ಸಾಲ: ವರ್ಷಕ್ಕೆ ಇಷ್ಟು ಬರಹ ಎಂದು ಮಾತು ಕೊಟ್ಟಂತೆ, ತಪ್ಪಿದರೆ ಹಣ ಮರಳಿಸಬೇಕು. ತಿಂಗಳಿಗೆ ಒಂದು ಬರಹವೂ ಖಾತ್ರಿಯಿಲ್ಲದವರಿಗೆ ‘ಓದುಗರ ಕಾಣಿಕೆ’ ಸಾಕು.

ಮೊತ್ತ ಮೂರೇ ಇರಲಿ, ಹೆಸರು ನಮ್ಮ ಕಡೆಯದೇ ಇರಲಿ. ಒಂದು ಚಹಾ 20, ಗಿರ್ಮಿಟ್-ಮಿರ್ಚಿ 50, ಒಂದು ದಿನದ ತಿರುಗಾಟ 200. ಮೊತ್ತವನ್ನೇ ಹೇಳದಿದ್ದರೆ 20 ಕೊಡಲು ನಾಚಿಕೆ, 200 ಕೊಡಲು ಅನುಮಾನ. ಓದುಗರು ಸುಮ್ಮನೆ ಪುಟ ಮುಚ್ಚುತ್ತಾರೆ. ಮೇಲಿನ ಮಿತಿಯನ್ನೂ ಬರೆಯಿರಿ, 500ಕ್ಕಿಂತ ಹೆಚ್ಚು ಬೇಡವೆಂದು. ಸ್ಥಳೀಯ ರಾಜಕೀಯ, ಎಪಿಎಂಸಿ, ಜಮೀನಿನ ವಿಷಯ ಬರೆಯುವವರಿಗೆ ಇದು ಬಹಳ ಮುಖ್ಯ. ಒಮ್ಮೆಲೇ 10,000 ಹಾಕಿದವರು ಮುಂದೆ ಯಾವುದೋ ಬರಹ ತೆಗೆಯಲು ಹೇಳಿದರೆ ಉತ್ತರ ಕೊಡುವುದು ಕಷ್ಟ.

ಇನ್ನು ವ್ಯವಸ್ಥೆ. ಮನೆಯ ಖಾತೆಯನ್ನು ಬಳಸಬೇಡಿ. ಕಡಿಮೆ ಬ್ಯಾಲೆನ್ಸ್ ಇದ್ದರೂ ನಡೆಯುವ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಸೈಬರ್ ವಂಚನೆಯ ಹಣದಲ್ಲಿ 50 ರೂಪಾಯಿ ನಿಮ್ಮ ಖಾತೆಗೆ ಹಾದುಬಂದಿದ್ದರೂ ಪೊಲೀಸರ ಸೂಚನೆಯ ಮೇಲೆ ಬ್ಯಾಂಕು ಖಾತೆಗೆ ತಡೆ ಹಾಕಬಹುದು. ಖಾತೆ ಬೇರೆ ಇದ್ದರೆ ಆಗ ಸಂಬಳ, ಗ್ಯಾಸು, ಮಕ್ಕಳ ಫೀ ಎಲ್ಲ ಸಿಕ್ಕಿಬೀಳುವುದು ತಪ್ಪುತ್ತದೆ. ಆ ಖಾತೆಗೆ ಫೋನ್ ನಂಬರ್ ಇಲ್ಲದ ಯುಪಿಐ ಐಡಿ ಮಾಡಿಕೊಳ್ಳಿ. ನಂಬರೇ ಐಡಿಯಾಗಿದ್ದರೆ ಲೇಖನ ಓದಿದ ಪ್ರತಿಯೊಬ್ಬರಿಗೂ ನಿಮ್ಮ ನಂಬರ್ ಕೊಟ್ಟಂತೆ; ಹೆಣ್ಣುಮಕ್ಕಳು ಇದರಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಅಂಬಿಕಾತನಯದತ್ತರ ಊರಿನಲ್ಲಿ ಕಾವ್ಯನಾಮ ಇಟ್ಟುಕೊಳ್ಳುವವರು ಇಂದಿಗೂ ಇದ್ದಾರೆ. ಆದರೆ ಹಣ ಹಾಕುವಾಗ ತೆರೆಯ ಮೇಲೆ ಕಾಣುವುದು ಬ್ಯಾಂಕಿನಲ್ಲಿರುವ ಹೆಸರು. ಆ ಹೆಸರನ್ನು ಕ್ಯೂಆರ್ ಕೆಳಗೆ ಮೊದಲೇ ಬರೆಯದಿದ್ದರೆ ಓದುಗರು ‘ಇದ್ಯಾರೋ ಬೇರೆಯವರು’ ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ನಿಮ್ಮ ಲೇಖನ ಕದ್ದು ತಮ್ಮ ಕ್ಯೂಆರ್ ಅಂಟಿಸುವವರನ್ನು ಗುರುತಿಸಲೂ ಈ ಒಂದು ಸಾಲು ನೆರವಾಗುತ್ತದೆ.

ಬಹುತೇಕರು ಓದುವುದು ಫೋನಿನಲ್ಲಿ. ಅದೇ ಫೋನಿನ ತೆರೆಯ ಕ್ಯೂಆರ್ ಅನ್ನು ಅದೇ ಫೋನಿನ ಕ್ಯಾಮೆರಾ ಹಿಡಿಯಲಾರದು, ಸ್ಕ್ರೀನ್‌ಶಾಟ್ ತೆಗೆದು ಆ್ಯಪಿನೊಳಗೆ ಗ್ಯಾಲರಿಯಿಂದ ಆರಿಸಬೇಕು. ಇಷ್ಟು ತ್ರಾಸು ಯಾರೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಐಡಿಯನ್ನು ಒತ್ತಿ ಹಿಡಿದು ನಕಲು ಮಾಡುವಂತೆ ಅಕ್ಷರದಲ್ಲೂ ಕೊಡಿ. ಕ್ಯೂಆರ್ ಚಿತ್ರದ ಸುತ್ತ ಬಿಳಿ ಅಂಚು ಬಿಡಿ, ಬಣ್ಣದ ಹಿನ್ನೆಲೆ ಬೇಡ. ಹಾಕಿದ ಮೇಲೆ ಮೂರು ಬೇರೆ ಬೇರೆ ಆ್ಯಪಿನಿಂದ ಒಂದೊಂದು ರೂಪಾಯಿ ಕಳಿಸಿ ನೋಡಿ.

ನೇರ ಯುಪಿಐಗೆ ಶುಲ್ಕವಿಲ್ಲ. ಪೇಮೆಂಟ್ ಗೇಟ್‌ವೇ, ಅಂದರೆ ನಡುವೆ ನಿಂತು ಹಣ ಪಡೆದು ನಿಮಗೆ ತಲುಪಿಸುವ ಕಂಪನಿ, ಹಿಡಿದರೆ ಸಾಮಾನ್ಯವಾಗಿ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ, 100ಕ್ಕೆ 2.36 ಹೋಗುತ್ತದೆ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಆಟೊಪೇ ಬೇಕಿದ್ದರೆ ಗೇಟ್‌ವೇ ಬೇಕೇ ಬೇಕು, ಖಾಸಗಿ ಐಡಿಗೆ ಅದು ಆಗದು. ಕಡಿತಕ್ಕೆ 24 ಗಂಟೆ ಮೊದಲು ಓದುಗರಿಗೆ ಸೂಚನೆ ಹೋಗುತ್ತದೆ, ಆಗ ಕೆಲವರು ರದ್ದು ಮಾಡುತ್ತಾರೆ, ಬೇಸರ ಬೇಡ. ಹೊಸಬರಿಗೆ ನೇರ ಯುಪಿಐ ಸಾಕು.

ಹೊರದೇಶದ ಕನ್ನಡಿಗರಿಗೆ ಪೇಪಾಲ್ ಇಡಬಹುದು, ಪ್ಯಾನ್ ಬೇಕು. ಭಾರತದೊಳಗಿನ ಪಾವತಿಯನ್ನು ಅದು 2021ರ ಏಪ್ರಿಲ್‌ನಿಂದ ನಿಲ್ಲಿಸಿದೆ, ಆದ್ದರಿಂದ ಹುಬ್ಬಳ್ಳಿಯ ಓದುಗರಿಗೆ ಆ ಕೊಂಡಿ ಕೊಟ್ಟರೆ ಹಣ ಬರುವುದಿಲ್ಲ. ಇನ್ನೊಂದು ಗಂಭೀರ ಸಂಗತಿ. ನೋಂದಾಯಿತ ಪತ್ರಿಕೆಯ ವರದಿಗಾರರು, ಅಂಕಣಕಾರರು, ಸಂಪಾದಕರು, ವ್ಯಂಗ್ಯಚಿತ್ರಕಾರರು ಹಾಗೂ ಸರ್ಕಾರಿ ನೌಕರರು ವಿದೇಶಿ ಮೂಲದ ದೇಣಿಗೆ ಪಡೆಯುವುದನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯುವವರು ವಿದೇಶಿ ಮೂಲವಲ್ಲ. ಅಮೆರಿಕದ ಪೌರತ್ವ ಪಡೆದ ಸೋದರಮಾವ ಹೌದು. ಈ ಪಟ್ಟಿಯಲ್ಲಿರುವವರು ಹೊರದೇಶದ ಕೊಂಡಿಯನ್ನೇ ಇಡದಿರುವುದು ಕ್ಷೇಮ.

ಕೇಳುವ ಮಾತು ಮೂರು ಸಾಲು ಮೀರದಿರಲಿ:

‘ಈ ಬರಹಕ್ಕೆ ಎರಡು ದಿನ ಮತ್ತು 600 ರೂ. ಹಿಡಿದಿದೆ. ಉಪಯೋಗ ಆಗಿದ್ದರೆ ಒಂದು ಚಹಾದ ದುಡ್ಡು, 20 ರೂ., ಕಳಿಸಬಹುದು. ಕಳಿಸದಿದ್ದರೂ ಮುಂದಿನದನ್ನು ತಪ್ಪದೆ ಓದಿರಿ, ಬರಹದಲ್ಲಿ ತಪ್ಪು ಕಂಡರೆ ತಿಳಿಸಿರಿ.’

ಕಷ್ಟ ತೋಡಿಕೊಳ್ಳಬೇಡಿ, ‘ಕನ್ನಡ ಉಳಿಸಲು’ ಎಂದು ಹೊರೆ ಹೊರಿಸಬೇಡಿ. ನವೆಂಬರ್ 1 ಬಂದಾಗ ಆ ಆಸೆ ಹೆಚ್ಚುತ್ತದೆ, ತಡೆದುಕೊಳ್ಳಿ. ಓದುಗರು ರೈತರಾಗಿದ್ದರೆ ಜೂನ್, ಜುಲೈನಲ್ಲಿ ಕೇಳುವುದು ಸರಿಯಲ್ಲ: ಬೀಜ, ಗೊಬ್ಬರಕ್ಕೆ ಸಾಲ ಮಾಡಿರುತ್ತಾರೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೋದ ಮೇಲೆ ಕೇಳಿ. ಸಂಬಳದವರಿಗೆ ತಿಂಗಳ ಮೊದಲ ವಾರ.

ಹಣ ಬರತೊಡಗಿದ ಮೇಲೆ ‘ತಪ್ಪಿ ನಿಮಗೆ 2,000 ಹಾಕಿದೆ, ಈ ನಂಬರಿಗೆ ವಾಪಸ್ ಹಾಕಿ’ ಎಂಬ ಕರೆ ಬರಬಹುದು. ಮೊದಲು ಬ್ಯಾಂಕಿನ ಪಾಸ್‌ಬುಕ್ ನೋಡಿ, ಎಸ್ಎಂಎಸ್ ನಂಬಬೇಡಿ. ನಿಜಕ್ಕೂ ಬಂದಿದ್ದರೆ ಬೇರೆ ನಂಬರಿಗೆ ಹಾಕದೆ, ಅವರ ಬ್ಯಾಂಕಿನ ಮೂಲಕ ದೂರು ಕೊಡಲು ಹೇಳಿ. ಹಣ ಪಡೆಯಲು ಪಿನ್ ಒತ್ತುವುದು ಎಂದೂ ಬೇಕಿಲ್ಲ. ಮೋಸ ಆಗಿಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಂದ ಕಾಣಿಕೆ ಆದಾಯವೇ. ‘50,000ದೊಳಗಿನ ಉಡುಗೊರೆಗೆ ತೆರಿಗೆಯಿಲ್ಲ’ ಎಂಬ ಮಾತನ್ನು ಇಲ್ಲಿಗೆ ಎಳೆದು ತರಬೇಡಿ. ಇದು ಬರೆದ ಕೆಲಸಕ್ಕೆ ಬಂದ ಹಣ, ರಿಟರ್ನ್‌ನಲ್ಲಿ ತೋರಿಸಬೇಕು. ದಿನಾಂಕ, ಮೊತ್ತ, ಯಾವ ಬರಹ, ಏನು ಖರ್ಚು ಎಂದು ವಹಿ ಇಡಿ, ಬಸ್ ಟಿಕೆಟು, ಝೆರಾಕ್ಸ್ ಬಿಲ್ಲು ಅದರಲ್ಲೇ ಪಿನ್ ಮಾಡಿ. ಜಿಎಸ್‌ಟಿಯ ಚಿಂತೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲಿನದು.

ಮೂರು ತಿಂಗಳಿಗೊಮ್ಮೆ ಬಂದದ್ದು, ಖರ್ಚಾದದ್ದು, ಉಳಿದದ್ದು ಓದುಗರಿಗೆ ತಿಳಿಸಿ. ಬಯಲಾಟದಂತೆ ಇಲ್ಲಿ ಹೆಸರು ಕೂಗಬೇಡಿ, ಕೇಳಿ ಒಪ್ಪಿದವರದಷ್ಟೇ ಹಾಕಿ. ಆ ಮೂರು ತಿಂಗಳಲ್ಲಿ ಹೊಸದೇನೂ ಬರೆಯಲಾಗಿಲ್ಲ ಎಂದಾದರೆ ಹಳೆಯ ಬರಹಗಳ ಕೆಳಗಿನ ಕ್ಯೂಆರ್ ತೆಗೆದಿಡಿ, ಮುಂದಿನ ಬರಹ ಮುಗಿದ ದಿನ ಮತ್ತೆ ಹಾಕಿ.