ತಾನಾಗಿಯೇ ಆಗುತ್ತದೆ

ಪ್ರೌಢಶಾಲೆಯ ಜೀವನ ಕೌಶಲದ ತರಗತಿ ನನ್ನ ಪಾಲಿಗೆ ಬಂದ ಮೊದಲ ವರ್ಷ ನಾನು ಬರೀ ಟಿಪ್ಪಣಿ ಬರೆಸಿದೆ. ‘ಹೊಲಿಗೆಯ ವಿಧಗಳನ್ನು ಪಟ್ಟಿ ಮಾಡಿರಿ’ ಎಂಬ ಪ್ರಶ್ನೆಗೆ ಮಕ್ಕಳೆಲ್ಲ ಪೂರ್ತಿ ಅಂಕ ಗಿಟ್ಟಿಸಿದರು. ಅವರಲ್ಲೇ ಕೆಲವರ ಅಂಗಿಯಲ್ಲಿ ಗುಂಡಿಯ ಜಾಗದಲ್ಲಿ ಪಿನ್ನು ಕೂತಿತ್ತು.

ಮರುವರ್ಷ ಪುಸ್ತಕ ಬದಿಗಿಟ್ಟು ಒಂದು ಕೋಷ್ಟಕ ಕೊಟ್ಟೆ. ನಿನ್ನೆ ಮನೆಯಲ್ಲಿ ನಡೆದ ಕೆಲಸ, ಹಿಡಿದ ಸಮಯ, ಮಾಡಿದವರು ಯಾರು. ಒಬ್ಬ ಹುಡುಗ ‘ಟವೆಲ್ ಒಣಗಿ ಕಪಾಟು ಸೇರುವುದು’ ಎಂದು ಬರೆದು, ಮಾಡಿದವರ ಸಾಲಿನಲ್ಲಿ ‘ತಾನಾಗಿಯೇ ಆಗುತ್ತದೆ’ ಎಂದು ತುಂಬಿದ್ದ. ತಮಾಷೆಗೆ ಬರೆದದ್ದಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಹಿಂದಿನ ರಾತ್ರಿ ಅದೇ ಕೋಷ್ಟಕವನ್ನು ತುಂಬಲು ಕೂತು ನಾನೂ ಎರಡು ಕಡೆ ತಡವರಿಸಿದ್ದೆ. ಆ ವರ್ಷದ ಪಾಠವನ್ನೆಲ್ಲ ಹುಡುಗನ ಆ ಒಂದು ಸಾಲಿನಿಂದ ಹೆಕ್ಕಿದೆ.

ಮೊದಲು ಗುಂಡಿ. ಬಟ್ಟೆಗೆ ಬಿಗಿಯಾಗಿ ಅಂಟಿಸಿ ಹೊಲಿದರೆ ಕಾಜಕ್ಕೆ ಜಾಗವೇ ಉಳಿಯುವುದಿಲ್ಲ, ಎಳೆದೆಳೆದು ದಾರ ಸವೆಯುತ್ತದೆ. ಗುಂಡಿಯ ಮೇಲೊಂದು ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ಸಡಿಲವಾದ ದಾರಕ್ಕೆ ಅಡಿಯಲ್ಲಿ ನಾಲ್ಕು ಸುತ್ತು ಸುತ್ತಿದರೆ ಪುಟ್ಟ ಕುತ್ತಿಗೆ ಮೂಡುತ್ತದೆ. ಹಿಂಬದಿಯಲ್ಲಿ ಗಂಟು. ಇಷ್ಟಕ್ಕೆ ಎರಡು ಪೀರಿಯಡ್ ಹಿಡಿಯಿತು. ಅಂಕವನ್ನು ಮಾತ್ರ ಅಂದು ಕೊಡಲಿಲ್ಲ. ತಿಂಗಳು ಕಳೆದು, ನಾಲ್ಕೈದು ಸಲ ಒಗೆದ ಮೇಲೆ ಅಂಗಿ ತನ್ನಿ ಎಂದೆ.

ಊಟವಾಗಿ ಮಿಕ್ಕ ಅಡುಗೆ ಕೆಟ್ಟಿದೆಯೇ ಎಂಬ ವಿಷಯದಲ್ಲಿ ಮಕ್ಕಳಿಗೆಲ್ಲ ಮೂಗೇ ಪ್ರಮಾಣ. ಕಾಯಿಲೆ ತರುವ ಬ್ಯಾಕ್ಟೀರಿಯಾ ವಾಸನೆ ಹೊಡೆದೇ ತೀರಬೇಕೆಂದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಚೆನ್ನಾಗಿ ಬೆಳೆಯುತ್ತವೆ. ಪ್ರಯೋಗಾಲಯದಿಂದ ತಾಪಮಾಪಕ ತಂದು, ಒಂದೇ ಅಳತೆಯ ಬಿಸಿನೀರನ್ನು ಆಳದ ಪಾತ್ರೆಗೂ ಅಗಲ ತಟ್ಟೆಗೂ ಸುರಿದು ಕಾಲು ಗಂಟೆಗೊಮ್ಮೆ ಅಳೆಸಿದೆ. ತಟ್ಟೆ ಬೇಗ ತಣ್ಣಗಾದದ್ದನ್ನು ಕಂಡ ಮೇಲೆ, ಮಿಕ್ಕಿದ್ದನ್ನು ಸಣ್ಣ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕೆಂಬುದಕ್ಕೆ ವಿವರಣೆ ಬೇಕಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಸಾಲಕ್ಕೆ ಕೊಟ್ಟೆ. ಬಡ್ಡಿ ನಿಜಕ್ಕೂ ತಾನಾಗಿಯೇ ಆಗುವಂಥದ್ದು ನೋಡಿ. ಹನ್ನೆರಡು ಸಾವಿರ ಸಾಲ, ಶೇ. 12 ‘ಫ್ಲ್ಯಾಟ್’ ಬಡ್ಡಿ, ಹನ್ನೆರಡು ತಿಂಗಳು. ಬಡ್ಡಿ 1,440, ಕಂತು 1,120. ಎಲ್ಲರೂ ಸರಿಯಾಗಿಯೇ ಲೆಕ್ಕ ಹಾಕಿದರು. ‘ಆರು ಕಂತು ಕಟ್ಟಿದ ಮೇಲೆ ಅಸಲು ಎಷ್ಟು ಉಳಿದಿದೆ?’ ಎಂದೆ. ಅರ್ಧ. ‘ಬಡ್ಡಿ ಯಾವುದರ ಮೇಲೆ ಕಟ್ಟುತ್ತಿದ್ದೀರಿ?’ ಮೌನ. ಫ್ಲ್ಯಾಟ್ ಎಂದರೆ ಕೊನೆಯ ಕಂತಿನವರೆಗೂ ಪೂರ್ತಿ ಹನ್ನೆರಡು ಸಾವಿರದ ಮೇಲೆಯೇ ಬಡ್ಡಿ. ಒಬ್ಬ ಹುಡುಗಿ ಎದ್ದು ಬಂದು, ಪ್ರತಿ ತಿಂಗಳು ಉಳಿದ ಅಸಲಿಗಷ್ಟೇ ಶೇ. 1ರಂತೆ 120, 110, 100 ಎಂದು ಹಲಗೆಯುದ್ದಕ್ಕೂ ಬರೆದು ಕೂಡಿಸಿದಳು: 780. ‘ಹಾಗಾದರೆ ಹೆಚ್ಚುಕಡಿಮೆ ದುಪ್ಪಟ್ಟು ಕೊಟ್ಟ ಹಾಗಾಯಿತಲ್ಲ, ಸರ್!’ ಇಳಿಯುವ ಬಾಕಿಯ ಲೆಕ್ಕದಲ್ಲಿ ಆ ಶೇ. 12 ಎಂಬುದು ಸುಮಾರು ಶೇ. 21.5ಕ್ಕೆ ಸಮ. ಗಣಿತದ ಪೀರಿಯಡ್‌ನಲ್ಲಿ ಆಕಳಿಸುವ ಮಕ್ಕಳು ಅಂದು ಗಂಟೆ ಹೊಡೆದರೂ ಏಳಲಿಲ್ಲ.

‘ಅಡುಗೆಮನೆ ಕ್ಲಾಸು’ ಎಂದು ಛೇಡಿಸುವ ಸಹೋದ್ಯೋಗಿಗೆ ಎಲೆನ್ ಸ್ವಾಲೋ ರಿಚರ್ಡ್ಸ್ ಹೆಸರು ಹೇಳಿದೆ. 1873ರಲ್ಲಿ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಯಿಂದ ಪದವಿ ಪಡೆದ ಮೊದಲ ಮಹಿಳೆ, ನೀರು ಮತ್ತು ಆಹಾರವನ್ನು ಪರೀಕ್ಷಿಸಿದ ರಸಾಯನ ವಿಜ್ಞಾನಿ. ಗೃಹ ವಿಜ್ಞಾನವನ್ನು ಶಾಲೆಯ ವಿಷಯವಾಗಿ ಬೆಳೆಸಿದವರಲ್ಲಿ ಪ್ರಮುಖರು. ಸಹೋದ್ಯೋಗಿ ತಲೆಯಾಡಿಸಿ, ಹರಿದ ಚೀಲವೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ತಿಂಗಳ ಬಳಿಕ ಅಂಗಿಗಳು ಬಂದವು. ಮೂವತ್ತೊಂದರಲ್ಲಿ ಒಂಬತ್ತು ಗುಂಡಿಗಳು ಉದುರಿದ್ದವು. ಹತ್ತನೆಯದನ್ನು ಕಂಡುಹಿಡಿದದ್ದು ಹಿಂದಿನ ಬೆಂಚಿನ ಹುಡುಗಿ. ಪಾಠದ ದಿನ ತೋರಿಸಲೆಂದು ನಾನೇ ಅವಸರದಲ್ಲಿ ಹೊಲಿದಿದ್ದ ತೋಳಿನ ಗುಂಡಿ ಅದು. ‘ಹೊಲಿದುಕೊಂಡು ಬನ್ನಿ ಸರ್, ಅಂಕ ಆಮೇಲೆ’ ಎಂದಳು.