ಹೊರರೋಗಿ ಸಾಲಿನಲ್ಲೇ ತಂಬಾಕು ಬಿಡಿಸುವುದು ಹೇಗೆ?

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಎದುರಿಗೆ ಕುಳಿತ ಹೆಂಗಸನ್ನು ‘ಧೂಮಪಾನ ಮಾಡುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಆಕೆಯ ಎಲೆ ಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇರಬಹುದು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದಲ್ಲಿ ಹೊಗೆ ಸೇದುವವರು ಶೇ 10.7ರಷ್ಟಿದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ 21.4ರಷ್ಟಿದ್ದರು. ಆದ್ದರಿಂದ ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ನಶ್ಯ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು. ರಕ್ತದೊತ್ತಡ ನೋಡುವ ನರ್ಸ್ ಇದನ್ನು ಕೇಳಿ ಚೀಟಿಯ ಮೇಲೆ ಬರೆದುಬಿಟ್ಟರೆ ವೈದ್ಯರ ಸಮಯವೂ ಉಳಿಯುತ್ತದೆ.

ಮುಂದಿನದು ಸಲಹೆ. ತಂಬಾಕು ಅಪಾಯಕಾರಿ ಎಂಬುದು ಪೊಟ್ಟಣದ ಮೇಲೆಯೇ ಅಚ್ಚಾಗಿದೆ. ಅದನ್ನೇ ಮತ್ತೆ ಒಪ್ಪಿಸುವುದಕ್ಕಿಂತ, ರೋಗಿ ಯಾವ ತೊಂದರೆಗಾಗಿ ಬಂದಿದ್ದಾರೋ ಅದಕ್ಕೆ ಮಾತನ್ನು ಜೋಡಿಸುವುದು ಮೇಲು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ಮಾಯದಿರುವುದನ್ನು, ಕ್ಷಯದವರಿಗೆ ಬೀಡಿಯಿಂದ ಚಿಕಿತ್ಸೆಯ ಫಲ ಕುಗ್ಗುವುದನ್ನು ಹೇಳಿದರೆ ಮನಸ್ಸಿಗೆ ತಾಗುತ್ತದೆ. ಬಿಡಲು ಇನ್ನೂ ಮನಸ್ಸಿಲ್ಲ ಎನ್ನುವವರನ್ನು ಗದರಿಸದೆ, ಮುಂದಿನ ಭೇಟಿಯಲ್ಲಿ ಮತ್ತೆ ಕೇಳುತ್ತೇನೆಂದು ಹೇಳಿ ಕಳಿಸಿದರೆ ಸಾಕು.

ಒಪ್ಪಿದವರೊಂದಿಗೆ ತಂಬಾಕು ಬಿಡಲು ಎರಡು ವಾರದೊಳಗಿನ ಒಂದು ದಿನವನ್ನು ಗೊತ್ತು ಮಾಡಿ, ಅದನ್ನು ಮನೆಯವರಿಗೂ ತಿಳಿಸಲು ಹೇಳಬೇಕು. ಸಿಡುಕು, ನಿದ್ದೆಗೇಡು, ಚಡಪಡಿಕೆ ಮೊದಲ ವಾರದಲ್ಲಿ ಹೆಚ್ಚಿದ್ದು, ಕೆಲವು ವಾರಗಳಲ್ಲಿ ತಗ್ಗುತ್ತವೆ ಎಂಬುದನ್ನೂ, ಒಂದೊಂದು ಸಲದ ಚಟದ ಸೆಳೆತ ಕೆಲವೇ ನಿಮಿಷಗಳದ್ದು ಎಂಬುದನ್ನೂ ಮುಂಚೆಯೇ ತಿಳಿಸಬೇಕು. ಬಾಯಾಡಿಸಲು ಸೋಂಪು, ಏಲಕ್ಕಿ ಆಗಬಹುದು. ಬರೀ ಅಡಿಕೆ ಆಗದು, ಏಕೆಂದರೆ ಅಡಿಕೆಯೂ ಕ್ಯಾನ್ಸರ್‌ಕಾರಕವೇ. ತೋಟವನ್ನೇ ನಂಬಿದ ಊರುಗಳಲ್ಲಿ ಈ ಮಾತು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕಾಗುತ್ತದೆ.

ತಂಬಾಕಿನ ಬದಲಿಗೆ ಅಗಿಯಲು ಕೊಡುವ ನಿಕೋಟಿನ್ ಗಮ್ ಹಲವು ಸಲ ವಿಫಲವಾಗುವುದು ಅದನ್ನು ಅಗಿಯುವ ಕ್ರಮ ತಿಳಿಯದೆ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ ಸೂಕ್ತ. ಖಾರದಂತೆ ಚುರುಗುಟ್ಟುವವರೆಗೆ ಮೆಲ್ಲಗೆ ಅಗಿದು, ಅನಂತರ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಟ್ಟು, ಚುರುಕು ಅಡಗಿದಾಗ ಮತ್ತೆ ಅಗಿಯುತ್ತ ಸುಮಾರು ಅರ್ಧ ಗಂಟೆ ಬಳಸಬೇಕು. ಒಂದೇ ಸಮನೆ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ಬರುತ್ತವೆ. ಕಾಫಿ ಕುಡಿದು ಕಾಲು ಗಂಟೆಯಾದರೂ ಕಳೆದಿರಬೇಕು. ಚಟದ ಸೆಳೆತ ತಗ್ಗಿಸುವ ಬ್ಯುಪ್ರೋಪಿಯಾನ್ ಮಾತ್ರೆಯನ್ನು, ತಂಬಾಕು ಬಿಡುವ ದಿನಕ್ಕಿಂತ ಒಂದೆರಡು ವಾರ ಮೊದಲೇ ವೈದ್ಯರು ಆರಂಭಿಸುತ್ತಾರೆ. ಮೂರ್ಛೆ ರೋಗವಿರುವವರಿಗೆ ಅದು ಸಲ್ಲದು.

ಜಗಿಯುವವರ ಬಾಯನ್ನು ಬೆಳಕು ಹಾಯಿಸಿ ನೋಡದೆ ಕಳಿಸಬಾರದು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲಾಗದ ಬಿಗಿತ ಕಂಡರೆ ದಂತವೈದ್ಯರಲ್ಲಿಗೆ ಕಳಿಸಬೇಕು.

ಕೊನೆಯ ಹಂತವೇ ಹೆಚ್ಚಾಗಿ ತಪ್ಪಿಹೋಗುತ್ತದೆ. ಬಿಟ್ಟ ಮೊದಲ ವಾರದಲ್ಲೇ ಒಂದು ಫೋನ್ ಕರೆ ಹೋಗಬೇಕು; ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356ನ್ನು ಚೀಟಿಯಲ್ಲಿ ಬರೆದುಕೊಡಬೇಕು. ಮತ್ತೆ ಶುರು ಮಾಡಿದವರು ಬೈಗುಳಕ್ಕೆ ಹೆದರಿ ಬಿಪಿ ಮಾತ್ರೆಗೂ ಬಾರದೆ ಉಳಿಯುವುದುಂಟು. ಅಂಥವರು ಬಂದಾಗ ಎಲ್ಲಿ, ಯಾರ ಜೊತೆಯಲ್ಲಿದ್ದಾಗ ತಪ್ಪಿತು ಎಂದಷ್ಟೇ ಕೇಳಿ, ಹಳೆಯ ದಿನಾಂಕ ಹೊಡೆದುಹಾಕಿ, ಅದೇ ಚೀಟಿಯಲ್ಲಿ ಹೊಸದನ್ನು ಬರೆಯಬೇಕು.