ಕಿವಿಯಿಂದ ಕಣ್ಣಿಗೆ: ಮಕ್ಕಳಿಗೆ ಕನ್ನಡ ಓದು ಕಲಿಸುವ ಬಗೆ

ಐದಾರು ವರ್ಷದ ಮಗುವಿಗೆ ಓದು ಕಲಿಸಲು ಹೊರಟವರು ಸಾಮಾನ್ಯವಾಗಿ ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸುತ್ತಾರೆ. ಅವೆಲ್ಲವನ್ನೂ ತಡವರಿಸದೆ ಒಪ್ಪಿಸುವ ಮಗು ‘ಗರಗಸ’ ಎಂಬ ಪದದ ಮುಂದೆ ಸುಮ್ಮನಾಗುವುದುಂಟು. ಅಕ್ಷರಗಳ ಧ್ವನಿ ಹಿಡಿದು ಓದು ಕಲಿಸುವ ಇಂಗ್ಲಿಷಿನ ಫೋನಿಕ್ಸ್ ಪಾಠಗಳನ್ನು ಇದ್ದ ಹಾಗೆಯೇ ತಂದುಕೊಂಡರೂ ಪ್ರಯೋಜನ ಕಡಿಮೆ. ಅಲ್ಲಿ ಅಕ್ಷರದ ಹೆಸರೊಂದು, ಧ್ವನಿಯೊಂದು, ನಮ್ಮ ‘ಗ’ಕ್ಕಾದರೋ ಹೆಸರೂ ಧ್ವನಿಯೂ ಒಂದೇ. ಕನ್ನಡದಲ್ಲಿ ನಿಜವಾದ ತೊಡಕು ಇರುವುದು ಗುಣಿತದಲ್ಲಿ ಮತ್ತು ಒತ್ತಕ್ಷರದಲ್ಲಿ, ಆದ್ದರಿಂದ ಹೆಚ್ಚಿನ ಸಮಯವನ್ನು ಅವುಗಳಿಗೇ ಮೀಸಲಿಡಬೇಕು.

ಮೊದಲ ಕೆಲವು ದಿನ ಪುಸ್ತಕ ಬೇಡ. ಪದವೊಂದನ್ನು ಹೇಳಿ, ಅದರ ಒಂದೊಂದು ತುಂಡಿಗೂ ಚಪ್ಪಾಳೆ ತಟ್ಟಿಸಿ ಅಥವಾ ಒಂದೊಂದು ಹುಣಸೆ ಬೀಜ ಇಡಿಸಿ: ‘ಸರ’ಕ್ಕೆ ಎರಡು, ‘ಗರಗಸ’ಕ್ಕೆ ನಾಲ್ಕು. ಬಳಿಕ ಅಡುಗೆಮನೆಯಲ್ಲಿ ‘ಬ’ದಿಂದ ಶುರುವಾಗುವ ಸಾಮಾನು ಯಾವುದೆಂದು ಕೇಳಿ, ಬಟ್ಟಲು, ಬಾಣಲೆ, ಬೇಳೆ ಎಲ್ಲವನ್ನೂ ಒಪ್ಪಿಕೊಳ್ಳಿ.

ಅಕ್ಷರಗಳನ್ನು ಪದ ಕಟ್ಟಲು ಒದಗುವ ಕ್ರಮದಲ್ಲಿ ಪರಿಚಯಿಸುವುದು ಮೇಲು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ತರಗತಿಗಳಲ್ಲಿ ಮೊದಲು ಬರುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳು. ಇಷ್ಟರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಓದಬಹುದು. ಈ ಅಕ್ಷರಗಳ ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡ್) ನೆಲದ ಮೇಲೆ ಹರಡಿ, ನೀವು ಹೇಳಿದ ಪದವನ್ನು ಮಗು ಜೋಡಿಸಲಿ. ಆಮೇಲೆ ಮಗು ಜೋಡಿಸಿದ್ದನ್ನು ನೀವು ಓದಿ, ಅದು ಅರ್ಥವಿಲ್ಲದ ‘ಗದರಸ’ವಾದರೂ ಸರಿ. ಙ, ಞ, ಝಗಳಿಗೆ ಅವಸರವೇನೂ ಇಲ್ಲ.

ಗುಣಿತವನ್ನು ‘ಕ ಕಾ ಕಿ ಕೀ’ ಎಂದು ರಾಗವಾಗಿ ಹಾಡಿಸಿದರೆ ಮಗು ರಾಗವನ್ನು ಕಲಿಯುತ್ತದೆ, ಚಿಹ್ನೆಯನ್ನು ಕಲಿಯುವುದಿಲ್ಲ. ಒಂದು ವಾರ ‘ಆ’ ಸ್ವರದ ಚಿಹ್ನೆಯಾದ ಇಳಿಯೊಂದನ್ನೇ ಹಿಡಿದು, ಅದನ್ನು ಕಲಿತ ಎಲ್ಲ ಅಕ್ಷರಗಳಿಗೂ ಸೇರಿಸಿ ಓದಿಸಿ: ರಾ, ಗಾ, ಸಾ, ದಾ. ಹ್ರಸ್ವದೀರ್ಘಗಳ ವ್ಯತ್ಯಾಸಕ್ಕೆ ಅರ್ಥವೇ ಬದಲಾಗುವ ಜೋಡಿಗಳು ಬೇಕು. ಬಳೆ ಮತ್ತು ಬಾಳೆ, ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು ಇವುಗಳನ್ನು ಬರೆದಿಟ್ಟು, ನೀವು ಉಚ್ಚರಿಸಿದ್ದು ಯಾವುದೆಂದು ಮಗು ಬೆರಳಿಟ್ಟು ತೋರಿಸಬೇಕು. ಎತ್ವ, ಏತ್ವಗಳ ನಡುವೆ ಬಹುಕಾಲ ಗೊಂದಲವಿರುತ್ತದೆ. ಅದಕ್ಕೆ ಗದರುವ ಅಗತ್ಯವಿಲ್ಲ.

ಒತ್ತಕ್ಷರದಲ್ಲಿ ಕಿವಿಗೂ ಕಣ್ಣಿಗೂ ಹೊಂದಿಕೆಯಾಗುವುದಿಲ್ಲ. ಚಪ್ಪಾಳೆ ತಟ್ಟುವಾಗ ‘ಅಮ್’ ಮತ್ತು ‘ಮ’ ಎಂದು ಒಡೆಯುವ ಪದವನ್ನು ಬರೆಯುವಾಗ ‘ಅ’ ಮತ್ತು ‘ಮ್ಮ’ ಎಂದು ಒಡೆಯುತ್ತೇವೆ. ಹೀಗಾಗಿ ಮೊದಲು ಅಕ್ಕ, ಅಪ್ಪ, ಬೆಕ್ಕು, ಹಣ್ಣು ಮುಂತಾದ ಸಜಾತೀಯ ಒತ್ತುಗಳ ಪದಗಳನ್ನೇ ಆರಿಸಿ, ಒತ್ತನ್ನು ಬೇರೆ ಬಣ್ಣದಲ್ಲಿ ಬರೆದು, ‘ಮಗು’ ಮತ್ತು ‘ಮಗ್ಗು’ ಎಂಬಂತೆ ಒತ್ತಿಲ್ಲದ ಪದದ ಪಕ್ಕದಲ್ಲಿಟ್ಟು ಓದಿಸಿ. ‘ಪುಸ್ತಕ’, ‘ಚಂದ್ರ’ದಂಥವು ನಂತರ ಬರಲಿ. ಬರೆಯುವಾಗ ಅಕ್ಷರದ ನಂತರ ಬಂದರೂ ಓದುವಾಗ ಅದಕ್ಕಿಂತ ಮೊದಲು ಬರುವ ಅರ್ಕಾವತ್ತನ್ನು (‘ರ್’ ಧ್ವನಿಯ ಚಿಹ್ನೆ) ಕಟ್ಟಕಡೆಗೆ ಇಟ್ಟುಕೊಂಡು, ‘ಕರ್ನಾಟಕ’ ಎಂಬ ಪರಿಚಿತ ಪದದಿಂದಲೇ ಆರಂಭಿಸಬಹುದು.